ಎ3 ಪ್ಲಸ್ ಪ್ರಿಂಟರ್‌ನಲ್ಲಿ ಮೂರು ಅಡಿ ಫೋಟೋ: ನನ್ನ ಅನುಭವ

13 ಇಂಚು ಅಗಲ, 39 ಇಂಚು ಉದ್ದ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆ ಪೂರ್ತಿ, ಮೇಲೆ ಪಟ್ಟೆತಲೆ ಹೆಬ್ಬಾತುಗಳ ಸಾಲು. ಎಲ್ಲ ಒಂದೇ ಹಾಳೆಯಲ್ಲಿ, ನಡುವೆ ಜೋಡಣೆ ಇಲ್ಲ. ಗದಗಿನ ನಮ್ಮ ಮನೆಯಲ್ಲಿರುವ, ಎ3 ಪ್ಲಸ್ ಅಂದರೆ 13 ಇಂಚು ಅಗಲದ ಹಾಳೆ ಹಿಡಿಸುವ ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್‌ನಲ್ಲೇ ತೆಗೆದದ್ದು.

ಆಗೋದಿಲ್ಲ ಅಂದವರೇ ಜಾಸ್ತಿ. ಹುಬ್ಬಳ್ಳಿಯ ಲ್ಯಾಬ್ ಗೆಳೆಯರು ಫೋನಿನಲ್ಲೇ ನಕ್ಕರು. ನಮ್ಮೂರಿನ ಸ್ಟುಡಿಯೋ ಕಾಕಾ ಎದುರಿಗೇ ಹೇಳಿದರು: "ಮೂರು ಫೂಟಿನ ಪ್ರಿಂಟ್ ಮನ್ಯಾಗ ಆಗೂದಿಲ್ಲಪಾ, ಸುಮ್ನ ರೊಕ್ಕ ಯಾಕ ಕಳೀತಿ?" ಈಗ ಅವರ ಅಂಗಡಿಯ ಗೋಡೆಯ ಮೇಲೆ ಇದೇ ಪ್ರಿಂಟ್ ಇದೆ. 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಮೇಲೆ ಆ ಹಕ್ಕಿಗಳ ಫೋಟೋ ಕೇಳುವವರೂ ಹೆಚ್ಚಾಗಿದ್ದಾರೆ.

ಮೊದಲು ಸೆಟ್ಟಿಂಗ್. ಪೇಪರ್‌ನ ಪ್ರೊಫೈಲ್ (ಆ ಪೇಪರಿನ ಮೇಲೆ ಬಣ್ಣ ಹೇಗೆ ಬರಬೇಕೆಂದು ಹೇಳುವ ಫೈಲ್) ಫೋಟೋಶಾಪ್‌ನಲ್ಲಿ ಕೊಟ್ಟರೆ ಡ್ರೈವರ್‌ನ, ಅಂದರೆ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್‌ನ, ಕಲರ್ ಕರೆಕ್ಷನ್ ಆಫ್ ಇರಬೇಕು. ಎರಡೂ ಆನ್ ಇದ್ದರೆ ಮುಖಗಳೆಲ್ಲ ಕೆಂಪಡರುತ್ತವೆ. ಬೇಗ ಮುದ್ರಿಸುವ ಹೈಸ್ಪೀಡ್ ಆಯ್ಕೆಯೂ ಆಫ್. ಇಂಚಿಗೆ 240 ಪಿಕ್ಸೆಲ್ (ಪಿಪಿಐ) ಸಾಕು; ಕ್ಯಾಮೆರಾ ನಿಲುವಾಗಿ ಹಿಡಿದು ತೆಗೆದ ಮೂರು ನಾಲ್ಕು ಫ್ರೇಮ್ ಸೇರಿಸಿದರೆ ಅಷ್ಟು ಪಿಕ್ಸೆಲ್ ಆರಾಮಾಗಿ ಸಿಗುತ್ತದೆ.

ನಿಜವಾದ ಕಾಟ ಪೇಪರಿನದು. 13 ಇಂಚಿನ ರೋಲ್ ತಂದು 42 ಇಂಚಿಗೆ ಕತ್ತರಿಸುತ್ತೇನೆ. ರೋಲ್‌ನ ಹೊರಗಿನ ಸುತ್ತು ಸಭ್ಯವಾಗಿರುತ್ತದೆ. ಒಳಗೆ ಹೋದಷ್ಟೂ ಹಾಳೆ ಕರಿದ ಹಪ್ಪಳದಂತೆ ಮೇಲೇಳುತ್ತದೆ. ಎದ್ದ ಅಂಚಿಗೆ ಇಂಕ್ ಚಿಮ್ಮಿಸುವ ಹೆಡ್ ಉಜ್ಜುತ್ತದೆ, ಬಿಳಿ ಮಾರ್ಜಿನ್ ಮೇಲೆ ಕಪ್ಪು ಗೀರು. ಒಮ್ಮೆ ಉಜ್ಜಿದರೆ ಹಾಳೆಯಷ್ಟೇ ಅಲ್ಲ, ಹೆಡ್‌ನಲ್ಲಿ ಇಂಕ್ ಬರುವ ಸಣ್ಣ ರಂಧ್ರಗಳು, ಅಂದರೆ ನಾಝಲ್‌ಗಳೂ ಹೋಗುತ್ತವೆ. ನಂತರದ ಪ್ರಿಂಟ್‌ನಲ್ಲಿ ಸಯಾನ್ (ತಿಳಿನೀಲಿ ಇಂಕ್) ಅರ್ಧ ಮಾಯ.

ಇದಕ್ಕೆ ನಾಲ್ಕು ಇಂಚಿನ ಪಿವಿಸಿ ಪೈಪ್ ತಂದೆ. ಹಾಳೆಯನ್ನು ಸುರುಳಿಯ ಉಲ್ಟಾ ದಿಕ್ಕಿಗೆ, ಮಧ್ಯೆ ಬಟರ್ ಪೇಪರ್ ಇಟ್ಟು ಸುತ್ತುತ್ತೇನೆ. ಅರ್ಧ ತಾಸು ಸಾಕು. ರಾತ್ರಿಯಿಡೀ ಬಿಟ್ಟರೆ ಹಾಳೆ ಆ ಕಡೆಗೆ ಬಾಗುತ್ತದೆ. ಡ್ರೈವರ್‌ನಲ್ಲಿ ದಪ್ಪ ಪೇಪರ್ ಆಯ್ಕೆ ಹಾಕಿದರೆ ಹೆಡ್ ಸ್ವಲ್ಪ ಮೇಲೇರುತ್ತದೆ. ಶಾರ್ಪ್‌ನೆಸ್ ಕೂದಲೆಳೆಯಷ್ಟು ಕಡಿಮೆ, ಗೋಡೆಯ ಮೇಲೆ ಯಾರಿಗೂ ಕಾಣದು.

ಆಮೇಲೆ ಗೆರೆ. ಆಕಾಶದ ತೆಳು ಬೂದಿ ಬಣ್ಣದಲ್ಲಿ, ಸಮ ಅಂತರಕ್ಕೆ ಒಂದೊಂದು ಸಣ್ಣ ಗಾಢ ಗೆರೆ. ಹಾಳೆ ಉದ್ದಕ್ಕೆ ಒಳಗೆ ಹೋಗುವುದರಿಂದ ಫೋಟೋ ಅಡ್ಡ ಹಿಡಿದಾಗ ಈ ಗೆರೆಗಳು ನಿಂತ ಸಳಿಗಳ ಹಾಗೆ ಕಾಣುತ್ತವೆ. ಎಲ್ಲರೂ ಹೆಡ್ ಕ್ಲೀನಿಂಗ್ ಮಾಡು ಅಂದರು. ಆದರೆ ನಾಝಲ್ ಕಟ್ಟಿದೆಯೇ ಎಂದು ನೋಡುವ ನಾಝಲ್ ಚೆಕ್ ಪ್ರಿಂಟ್ ಶುದ್ಧವಾಗಿತ್ತು! ಸುಮ್ನೆ ಕ್ಲೀನಿಂಗ್ ಒತ್ತುತ್ತಾ ಹೋದರೆ ಇಂಕೂ ಹೋಗುತ್ತದೆ, ಆ ಇಂಕ್ ಹೀರಿಕೊಳ್ಳುವ ವೇಸ್ಟ್ ಪ್ಯಾಡೂ ತುಂಬುತ್ತದೆ.

ತಪ್ಪು ಫೈಲ್‌ನದೋ ಮಷೀನಿನದೋ ಅಂತ ತಿಳಿಯಲು ಆಕಾಶದ ಒಂದು ಪಟ್ಟಿಯನ್ನು ಎ4ನಲ್ಲಿ ತೆಗೆಯಿರಿ. ಫೈಲ್ ಅನ್ನು 180 ಡಿಗ್ರಿ ತಿರುಗಿಸಿ ಮತ್ತೆ ತೆಗೆಯಿರಿ. ಕಲೆ ಚಿತ್ರದ ಜೊತೆ ತಿರುಗಿದರೆ ಫೈಲ್‌ನದು. ಕಾಗದದ ಅದೇ ಜಾಗದಲ್ಲಿ ನಿಂತರೆ ಮಷೀನಿನದು. ನನ್ನ ಎ4ನಲ್ಲಿ ಎರಡೂ ಸಲ ಏನೂ ಇರಲಿಲ್ಲ. ಉದ್ದದ ಹಾಳೆಯಲ್ಲಿ ಮಾತ್ರ ಗೆರೆ. ಅಲ್ಲಿಗೆ ಉತ್ತರ ಸಿಕ್ಕಿತು: ಹಿಂದೆ ಜೋತುಬಿದ್ದ ಹಾಳೆಯ ಭಾರಕ್ಕೆ ರೋಲರ್ ಜಾರುತ್ತಿದೆ.

ಫೋಮ್ ಬೋರ್ಡ್ ಕತ್ತರಿಸಿ, ಪ್ರಿಂಟರ್‌ನ ಹಿಂದಿನ ಫೀಡ್ ಯಾವ ಓರೆಯಲ್ಲಿದೆಯೋ ಅದೇ ಓರೆಗೆ ಗೋಡೆಯವರೆಗೂ ಜಾರುಬಂಡೆ ಮಾಡಿದೆ. ಮುಂದೆಯೂ ಒಂದು ಹಲಗೆ, ಯಾಕಂದರೆ ಹೊರಬಂದ ಹಾಳೆ ಮೇಜಿನಿಂದ ಕೆಳಗೆ ತೂಗಿದರೆ ಅದೂ ಎಳೆಯುತ್ತದೆ. ಕೈ ಹಚ್ಚಬಾರದು. ಕೊನೆಯ ಮೂರು ಇಂಚು ಖಾಲಿ ಬಿಡಿ. ಹಾಳೆಯ ಬಾಲ ಫೀಡ್ ರೋಲರ್ ಬಿಡುವಾಗ ಒಂದು ಜರ್ಕ್ ಇದ್ದೇ ಇದೆ, ಅದು ಖಾಲಿ ಜಾಗದಲ್ಲಿ ಆಗಿಹೋಗಲಿ. ಹಾಳೆಯ ಮುಂದಿನ ಅಂಚನ್ನು ರೋಲರ್ ನೆಟ್ಟಗೆ ಹಿಡಿಯುವಂತೆ ಮಾಡುವ ಒಂದು ಉಪಾಯವಿದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಕರೆಂಟಿನ ವಿಷಯ. ಒಂದು ಪ್ರಿಂಟ್‌ಗೆ ಇಪ್ಪತ್ತು ನಿಮಿಷದ ಮೇಲೆಯೇ ಬೇಕು. ಮಧ್ಯೆ ಲೈಟ್ ಹೋದರೆ ಇನ್ವರ್ಟರ್ ಇದ್ದರೂ ಮಷೀನ್ ರೀಸ್ಟಾರ್ಟ್ ಆಗುತ್ತಿತ್ತು. ಹಲವು ಇನ್ವರ್ಟರ್‌ಗಳಲ್ಲಿ ಬ್ಯಾಟರಿಗೆ ಬೇಗ ಬದಲಾಗುವ ಯುಪಿಎಸ್ ಮೋಡ್‌ನ ಸ್ವಿಚ್ ಇರುತ್ತದೆ, ಅದನ್ನು ಹಾಕಿದ ಮೇಲೆ ಆ ಕಾಟ ತಪ್ಪಿತು. ಇಂಕ್‌ಜೆಟ್ ತಿನ್ನುವ ಕರೆಂಟ್ ಒಂದು ಬಲ್ಬಿನಷ್ಟೇ.

ನಡುವೆ ಬೆಟಗೇರಿಯ ಕೈಮಗ್ಗದ ಬಿಳಿ ಹತ್ತಿ ಬಟ್ಟೆಯ ಮೇಲೂ ಲಕ್ಕುಂಡಿಯ ಕಂಬಗಳನ್ನು ತೆಗೆದು ನೋಡಿದೆ. ಬಟ್ಟೆಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಹಾಳೆಗೆ ಅಂಟಿಸಿ ಬಿಟ್ಟೆ. ಗಂಜಿ ಇಲ್ಲದ ಕಡೆ ಇಂಕ್ ಹರಡಿತು. ಇದ್ದ ಕಡೆ ಕಪ್ಪು ಸ್ವಲ್ಪ ಮಂಕು, ಆದರೆ ಕಲ್ಲಿನ ಒರಟುತನ ಬಟ್ಟೆಯ ನೇಯ್ಗೆಯಲ್ಲಿ ಬಹಳ ಚಂದ ಕೂತಿತು. ಗಂಜಿಯ ಅಳತೆ ಇನ್ನೂ ಪಕ್ಕಾ ಆಗಬೇಕು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಪೇಪರ್ ಮತ್ತು ಇಂಕ್ ಸೇರಿ ಹಾಳಾದದ್ದು ಏಳೆಂಟು ಸಾವಿರ. ಈಗ ಒಂದು ಪ್ರಿಂಟ್‌ಗೆ ಪೇಪರ್ ಇನ್ನೂರೈವತ್ತು, ಇಂಕ್ ಐವತ್ತು ಅರವತ್ತು. ಹೊರಗೆ ಮಾಡಿಸಿದರೆ ಹುಬ್ಬಳ್ಳಿಗೆ ಹೋಗಿಬರುವ ಖರ್ಚು ಬಿಟ್ಟು ಎಂಟುನೂರರ ಆಸುಪಾಸು. ಬಣ್ಣ ಒಪ್ಪದಿದ್ದರೆ ಮತ್ತೆ ಅಷ್ಟೇ.

ಫ್ರೇಮ್ ಹಾಕುವವರಿಗೆ ಒಂದು ಮಾತು. ಒಣಗಿದ ಹಾಗೆ ಕಂಡರೂ ಒಳಗೆ ಇಂಕಿನ ದ್ರಾವಕ ಇನ್ನೂ ಇರುತ್ತದೆ. ತಕ್ಷಣ ಗಾಜು ಹಾಕಿದರೆ ಕೆಲವು ವಾರಕ್ಕೆ ಒಳಗಡೆ ಮಂಜು ಕಟ್ಟುತ್ತದೆ. ಪ್ರಿಂಟ್ ಮೇಲೆ ಸಾದಾ ಬಿಳಿ ಹಾಳೆ ಹಾಸಿ ಒಂದು ದಿನ ಬಿಡಿ, ಹಾಳೆ ಬದಲಿಸಿ ಇನ್ನೊಂದು ದಿನ.

ನನ್ನ ಮಷೀನಿನ ಡ್ರೈವರ್ 44 ಇಂಚಿನವರೆಗೂ ಬಿಡುತ್ತದೆ. ಬಾಲದ ಮೂರು ಇಂಚು ಕಳೆದರೆ 41 ಉಳಿಯಿತು. ಈ ಚಳಿಗಾಲದಲ್ಲಿ ಹೆಬ್ಬಾತುಗಳು ಬಂದ ಕೂಡಲೇ ಆ ಅಳತೆಗೇ ಫ್ರೇಮ್ ಲೆಕ್ಕ ಹಾಕಿಕೊಂಡು ಕೆರೆಗೆ ಹೋಗುತ್ತೇನೆ.