ಹಾಲು ಬಿಟ್ಟೆ, ಮೊಸರನ್ನ ಬಿಡಲಿಲ್ಲ

ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ, ಗ್ಲೀಸನ್ ಅಂದರೆ ಕ್ಯಾನ್ಸರ್ ಎಷ್ಟು ಉಗ್ರ ಅಂತ ಬಯಾಪ್ಸಿ ನೋಡಿ ಕೊಡುವ ಅಂಕ; ಇದಕ್ಕಿಂತ ಹೆಚ್ಚು ಇಲ್ಲಿ ಹೇಳಲು ಹೋಗುವುದಿಲ್ಲ. ನನ್ನ ಹಾಗೆ ಪ್ರಾಸ್ಟೇಟ್ ಕ್ಯಾನ್ಸರ್ ಇಟ್ಟುಕೊಂಡು ಆಕ್ಟಿವ್ ಸರ್ವೇಲೆನ್ಸ್‌ನಲ್ಲಿ (ಚಿಕಿತ್ಸೆ ಶುರು ಮಾಡದೆ ಕಣ್ಣಿಟ್ಟಿರುವುದು) ಇರುವವರಿಗೆ ಅದೆಲ್ಲ ಬಾಯಿಪಾಠ. ನನ್ನ ಗ್ಲೀಸನ್ 3+3, ಅಂದರೆ ಕಡಿಮೆ ಉಗ್ರದ್ದು, ಪಿಎಸ್‌ಎ 6ರ ಆಸುಪಾಸು. ಸದ್ಯಕ್ಕೆ ಆಪರೇಷನ್ ಬೇಡ, ಪರೀಕ್ಷೆ ಮಾಡಿಸುತ್ತಾ ಇರೋಣ ಅಂತ ಯುರಾಲಜಿಸ್ಟ್ ಹೇಳಿದರು. ಆಗ ನನ್ನ ಕೈಯಲ್ಲಿ ಉಳಿದದ್ದು ಊಟ ಒಂದೇ. ಹಾಲು ಬಿಡುತ್ತೇನೆ ಅಂದಾಗ ಮನೆಯವರೆಲ್ಲ ನಕ್ಕರು. ಅವರೇ ಈಗ ಮೊಸರು ಹೇಗೆ ಹೆಪ್ಪಾಯಿತು ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಮೈಸೂರಿನಲ್ಲಿ. ಬೆಳಿಗ್ಗೆ ಎರಡು ಕಾಫಿ, ಸಂಜೆ ಒಂದು, ಮಲಗುವಾಗ ಒಂದು ಲೋಟ ಹಾಲು, ಎರಡು ಹೊತ್ತೂ ಮೊಸರನ್ನ. ನನ್ನೊಬ್ಬನಿಗೇ ದಿನಕ್ಕೆ ಮುಕ್ಕಾಲು ಲೀಟರ್ ಹತ್ತಿರ ಆಗುತ್ತಿತ್ತು. ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ತಲೆ ಕೆಡಿಸಿತು. ಅಡ್ವೆಂಟಿಸ್ಟ್ ಅನ್ನುವ ಕ್ರೈಸ್ತ ಪಂಥದ 28 ಸಾವಿರಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ್ದರು. ದಿನಕ್ಕೆ 430 ಗ್ರಾಂನಷ್ಟು ಹಾಲಿನ ಪದಾರ್ಥ ತಿನ್ನುವವರಿಗೆ, 20 ಗ್ರಾಂ ತಿನ್ನುವವರಿಗಿಂತ ಈ ಕಾಯಿಲೆಯ ಸಂಭವ ಸುಮಾರು 25% ಜಾಸ್ತಿ ಕಂಡಿತ್ತು. ಕೆನೆ ಹಾಲಾಗಲಿ, ಕೆನೆ ತೆಗೆದದ್ದಾಗಲಿ, ಹೆಚ್ಚು ಕಡಿಮೆ ಒಂದೇ ಫಲಿತಾಂಶ. ಬೇರೆ ಆಹಾರದಿಂದ ಬಂದ ಕ್ಯಾಲ್ಸಿಯಂಗೆ ಅಂಥ ನಂಟು ಇರಲಿಲ್ಲ.

ಇದು ಕಾಯಿಲೆ ಬರುವ ಲೆಕ್ಕ. ಬಂದವರಿಗೆ ಹಾಲು ಬಿಟ್ಟರೆ ವಾಸಿಯಾಗುತ್ತದೆ ಅಂತ ಯಾರೂ ತೋರಿಸಿಲ್ಲ. ಹಾಲೇ ಕಾರಣ ಅಂತಲೂ ಇದರಿಂದ ಸಾಬೀತಾಗುವುದಿಲ್ಲ. ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್ ಕೂಡ ಈ ಪುರಾವೆಯನ್ನು ಸೀಮಿತ ಅಂತಲೇ ಕರೆದಿದೆ. ಗೊತ್ತಿದ್ದೂ ಬಿಟ್ಟೆ. ಮುಕ್ಕಾಲು ಲೀಟರ್ ಯಾವ ಲೆಕ್ಕದಲ್ಲಿ ನೋಡಿದರೂ ಜಾಸ್ತಿಯೇ ಅಲ್ವಾ?

ಅದೇ ಅಧ್ಯಯನದಲ್ಲಿ ಮೊಸರಿಗೆ ಹೇಳಿಕೊಳ್ಳುವಂಥ ನಂಟು ಕಂಡಿರಲಿಲ್ಲ. "ಮತ್ತೆ ಮೊಸರು ಯಾಕಪ್ಪಾ ಬಿಡ್ತೀಯ?" ಅಂತ ಮಗಳು ಕೇಳಿದಳು. ಆ ಅಧ್ಯಯನದಲ್ಲಿದ್ದವರು ತಿನ್ನುವುದು ಸಣ್ಣ ಕಪ್‌ನಲ್ಲಿ, ನಾನು ತಿನ್ನುವುದು ಸೌಟಿನಲ್ಲಿ. ಇದು ನನ್ನ ಸ್ವಂತ ತರ್ಕ, ಬೇಕಾದವರು ಒಪ್ಪಿ.

ಹಸುವಿನ ಹಾಲಿಲ್ಲದೆ ಮೊಸರು ಮಾಡೋಣ ಅಂತ ಮೊದಲು ಅಂಗಡಿಯ ಬಾದಾಮಿ ಹಾಲು ತಂದೆ. ಲೀಟರ್‌ಗೆ 250 ರೂಪಾಯಿ ಮೇಲೆ. ಪ್ಯಾಕೆಟ್ ಹಿಂದೆ ಓದಿದರೆ ಬಾದಾಮಿ ಚಿಟಿಕೆಯಷ್ಟು, ಉಳಿದದ್ದು ನೀರು. ಅದು ಹೆಪ್ಪಾಗಲೇ ಇಲ್ಲ. ತೆಂಗಿನ ಹಾಲಿನಲ್ಲಿ ಮೇಲೆ ಬೆಣ್ಣೆಯಂಥ ಪದರ, ಕೆಳಗೆ ನೀರು. ಬರೀ ಕಡಲೆಕಾಯಿ ಬೀಜದ್ದು ಪರವಾಗಿಲ್ಲ, ಆದರೆ ಮಧ್ಯಾಹ್ನದ ಹೊತ್ತಿಗೆ ನೀರೊಡೆಯುತ್ತಿತ್ತು. ಸೋಯಾ ಗಟ್ಟಿಯಾಗಿ ಕೂತಿತು. ಹಸಿ ವಾಸನೆಗೆ ನಮ್ಮನೆಯವಳು ಪಾತ್ರೆಯನ್ನೇ ಹಿತ್ತಲಲ್ಲಿಟ್ಟಳು. ಮೊದಲ ಮೂರ್ನಾಲ್ಕು ತಿಂಗಳಲ್ಲಿ ಆರೇಳು ಸಾವಿರ ಹೀಗೇ ಹೋಯಿತು. ಮದ್ದೂರು ಕಡೆ ಇರುವ ನಮ್ಮ ಭಾವ ನಾಲ್ಕು ಹಸು ಕಟ್ಟಿದ್ದಾರೆ, ಡೇರಿಗೆ ಹಾಲು ಹಾಕುತ್ತಾರೆ. "ಏನಯ್ಯ, ಬೂಸಾ ನೆನೆಸಿ ಕುಡೀತಿದ್ದೀಯಂತೆ?" ಅಂತ ಫೋನಲ್ಲೇ ಕಿಚಾಯಿಸಿದರು.

ಕೊನೆಗೆ ಕೂತದ್ದು ಎರಡರ ಬೆರಕೆ. ಸೋಯಾ ಎರಡು ಪಾಲು, ಕಡಲೆಕಾಯಿ ಬೀಜ ಒಂದು ಪಾಲು. ರಾತ್ರಿ ನೆನೆಸಿ ಸಿಪ್ಪೆ ತೆಗೆಯುತ್ತೇನೆ. ನೆನೆದ ಸೋಯಾವನ್ನು ಕುದಿಯುವ ನೀರಿಗೆ ಹಾಕಿ, ಬಿಸಿಯಲ್ಲೇ ರುಬ್ಬಬೇಕು. ತಣ್ಣೀರಲ್ಲಿ ರುಬ್ಬಿದರೆ ಆ ವಾಸನೆ ಹುಟ್ಟಿಕೊಳ್ಳುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಬೂಷ್ಟು ಬಂದ ಕಡಲೆಕಾಯಿ ಬೀಜ ಒಂದಿದ್ದರೂ ಎಸೆಯಿರಿ. ಸೋಸಿದ ಹಾಲನ್ನು ಕೈಬಿಡದೆ ತಿರುವುತ್ತಾ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಉಗುರು ಬೆಚ್ಚಗಾದ ಮೇಲೆ ಅರ್ಧ ಚಮಚ ಸಕ್ಕರೆ. ಇದರಲ್ಲಿ ಹಸುವಿನ ಹಾಲಿನ ಸಕ್ಕರೆ ಇಲ್ಲ, ಹುಳಿ ಬರಲು ಹೆಪ್ಪಿಗೆ ಏನಾದರೂ ತಿನ್ನಲು ಬೇಕು. ಮೊದಲ ಹೆಪ್ಪಿಗೆ ಹಸಿಮೆಣಸಿನಕಾಯಿ ತೊಟ್ಟು. ಆ ಮೊದಲ ಮೊಸರನ್ನು ತಿನ್ನಬೇಡಿ. ಅದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು ಹಾಕಿದ ಮೇಲೆ ರುಚಿ ನಿಲ್ಲುತ್ತದೆ. ಗಟ್ಟಿಯಾಗಲು ಇನ್ನೊಂದು ಪುಡಿ ಕಾಲು ಚಮಚ ಸೇರಿಸುತ್ತೇನೆ. ಅದು ಯಾವುದು ಅಂತ ಹೆಂಡತಿಗೇ ಹೇಳಿಲ್ಲ.

ಈಗ ಲೀಟರ್‌ಗೆ 25 ರೂಪಾಯಿ ಬೀಳುತ್ತದೆ, ಗ್ಯಾಸ್ ಬೇರೆ. ನಂದಿನಿ ನೀಲಿ ಪ್ಯಾಕೆಟ್‌ಗಿಂತ ಅಗ್ಗ. ಗೌರಿ ಹಬ್ಬಕ್ಕೆ ಭಾವ ಬಂದಾಗ ಏನೂ ಹೇಳದೆ ಬಡಿಸಿದೆ. ಸಾಸಿವೆ, ಶುಂಠಿ, ದಾಳಿಂಬೆ ಹಾಕಿದ ಮೊಸರನ್ನ. ಎರಡನೇ ಸಲ ಹಾಕಿಸಿಕೊಂಡರು. ವಿಷಯ ತಿಳಿದ ಮೇಲೆ, "ನಮ್ಮ ಹಸು ಏನ್ ಮಾಡ್ಬೇಕಯ್ಯ ಹಂಗಾದ್ರೆ?" ಅಂದರು.

ಕಾಫಿ ಮಾತ್ರ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಬಿಸಿ ಡಿಕಾಕ್ಷನ್ ಬಿದ್ದ ತಕ್ಷಣ ಸೋಯಾ ಒಡೆಯುತ್ತದೆ. ಗೋಡಂಬಿ ಹಾಲಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಲೋಟಕ್ಕೆ ಹತ್ತು ಗೋಡಂಬಿ ಅಂದರೆ ದಿನಾ ಮದುವೆ ಮನೆ ಖರ್ಚು. ಹಾಗಾಗಿ ಬೆಳಗಿನ ಒಂದು ಕಾಫಿಗೆ ಹಸುವಿನ ಹಾಲು ಉಳಿಸಿಕೊಂಡಿದ್ದೇನೆ, ನಾಲ್ಕೈದು ಚಮಚ.

ಕ್ಯಾಲ್ಸಿಯಂಗೆ ರಾಗಿ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಹಾಲಿನಲ್ಲಿ 120ರ ಸುತ್ತಮುತ್ತ. ಜೊತೆಗೆ ಎಳ್ಳಿನ ಚಟ್ನಿಪುಡಿ. ಮೂಳೆಯ ಡೆಕ್ಸಾ ಸ್ಕ್ಯಾನ್ ವಯಸ್ಸಿಗೆ ತಕ್ಕಂತೆ ಇದೆ. ಈ ಕ್ಯಾನ್ಸರ್‌ಗೆ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳುವವರು ನನ್ನ ಹಾಗೆ ಸುಮ್ನೆ ಬಿಡಬೇಡಿ, ಆ ಚಿಕಿತ್ಸೆಯೇ ಮೂಳೆ ಸವೆಸುತ್ತದೆ, ಡಾಕ್ಟರನ್ನು ಕೇಳಿ. ಇನ್ನೊಂದು ವಿಟಮಿನ್ ಬಿ12. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ, ಹಾಲೂ ಹೋದರೆ ಬಿ12 ಬರುವ ದಾರಿಯೇ ಇಲ್ಲ. ಮಾತ್ರೆ ನುಂಗುತ್ತೇನೆ. ಮಾತ್ರೆಯಲ್ಲಿ ಬಯೋಟಿನ್ (ಇನ್ನೊಂದು ಬಿ ವಿಟಮಿನ್) ಜಾಸ್ತಿ ಇದ್ದರೆ ಕೆಲವು ಲ್ಯಾಬ್ ವಿಧಾನಗಳಲ್ಲಿ ಪಿಎಸ್‌ಎ ಸುಳ್ಳೇ ಕಡಿಮೆ ತೋರಿಸಬಹುದು. ರಕ್ತ ಕೊಡುವ ಮುಂಚೆ ಏನೇನು ನುಂಗುತ್ತೀರಿ ಅಂತ ಡಾಕ್ಟರಿಗೆ ಹೇಳಿಬಿಡಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಟೊಮೆಟೊವನ್ನು ಎಣ್ಣೆಯಲ್ಲಿ ಬೇಯಿಸಿದರೆ ಅದರ ಕೆಂಪು ಬಣ್ಣದ ಲೈಕೋಪೀನ್ ಚೆನ್ನಾಗಿ ಸಿಗುತ್ತದೆ ಅಂತ ವಾರಗಟ್ಟಲೆ ಟೊಮೆಟೊ ಗೊಜ್ಜು ತಿಂದೆ. ಸಿಕ್ಕಿದ್ದು ಎದೆಯುರಿ. ಒಬ್ಬರು ನಾಲ್ಕು ಸಾವಿರಕ್ಕೆ ಕಷಾಯ ಮಾರಿದರು, ಅದು ತೆಂಗಿನ ಬುಡ ಸೇರಿತು. ವಿಟಮಿನ್ ಇ ಕ್ಯಾಪ್ಸೂಲ್ ಹತ್ತಿರ ಮಾತ್ರ ಹೋಗಲಿಲ್ಲ. ಸುಮಾರು 35 ಸಾವಿರ ಜನರ ಮೇಲೆ ನಡೆದ ಸೆಲೆಕ್ಟ್ ಪ್ರಯೋಗದಲ್ಲಿ ಅದನ್ನು ನುಂಗಿದವರಲ್ಲೇ ಈ ಕ್ಯಾನ್ಸರ್ 17% ಜಾಸ್ತಿ ಕಂಡಿತ್ತು.

ಪಿಎಸ್‌ಎ ಏನಾಯಿತು ಅಂತ ಎಲ್ಲರೂ ಕೇಳುತ್ತಾರೆ. 6.1 ಇದ್ದದ್ದು 5.4 ಆಯಿತು. ಮನೆಯಲ್ಲಿ ಪಾಯಸ ಮಾಡಿದರು, ತೆಂಗಿನ ಹಾಲಿನದು. ಮುಂದಿನ ಸಲ 6.8. ಆಮೇಲೆ ಮತ್ತೆ 6ರ ಹತ್ತಿರ. ಹೀಗೆ ಏರಿಳಿಯುವುದು ಆ ಪರೀಕ್ಷೆಯ ಗುಣ. ನಾನು ಅದನ್ನು ಹಾಲಿನ ಖಾತೆಗೆ ಜಮಾನೂ ಮಾಡುವುದಿಲ್ಲ, ಖರ್ಚೂ ಹಾಕುವುದಿಲ್ಲ. ನಮ್ಮಂಥವರೇ 478 ಜನರಲ್ಲಿ ಸುಮಾರು ಅರ್ಧ ಜನರಿಗೆ ತರಕಾರಿ ಹೆಚ್ಚಿಸಿ ಎರಡು ವರ್ಷ ನೋಡಿದ ಮೀಲ್ ಅಧ್ಯಯನ 2020ರಲ್ಲಿ ಬಂತು. ಕಾಯಿಲೆ ಮುಂದುವರಿಯುವುದರಲ್ಲಿ ವ್ಯತ್ಯಾಸ ಸಿಗಲಿಲ್ಲ. ನನ್ನ ತೂಕ ಐದಾರು ಕೆಜಿ ಇಳಿದಿದೆ, ರಾತ್ರಿ ಹೊಟ್ಟೆ ಉಬ್ಬರ ನಿಂತಿದೆ. ಇಷ್ಟನ್ನು ಮಾತ್ರ ಎದೆ ತಟ್ಟಿ ಹೇಳಬಲ್ಲೆ. ಎಂಆರ್‌ಐ, ಬಯಾಪ್ಸಿ ತಾರೀಖು ಒಂದನ್ನೂ ತಪ್ಪಿಸಿಲ್ಲ, ನೀವೂ ತಪ್ಪಿಸಬೇಡಿ.

ಸದ್ಯ ಮಜ್ಜಿಗೆ ಹುಳಿ ಹಿಂದೆ ಬಿದ್ದಿದ್ದೇನೆ. ಕುದಿ ಬಂದರೆ ಒಡೆಯುತ್ತದೆ. ನೆನೆಸಿದ ಕಡಲೆಬೇಳೆ ಸ್ವಲ್ಪ ಜಾಸ್ತಿ ಹಾಕಿ ರುಬ್ಬಿ, ಒಲೆ ಆರಿಸಿದ ಮೇಲೆ ಮೊಸರು ಬೆರೆಸಿದರೆ ನಿಲ್ಲುತ್ತದೆ. ಬೂದುಗುಂಬಳಕ್ಕೆ ಸರಿಹೋಯಿತು, ಸೀಮೆಬದನೆಗೆ ಇನ್ನೂ ನೋಡಬೇಕು.