ಕೊವೆಂಟ್ರಿಗೆ ಹೊಸಬರೇ, 1987ರ ಫೈನಲ್ ನೋಡಲು ಕರೆದರೆ

ಕೆಲಸಕ್ಕೋ ಓದಿಗೋ ಕೊವೆಂಟ್ರಿಗೆ ಬಂದವರಿಗೆ ಮೇ ತಿಂಗಳು ಹತ್ತಿರವಾದಾಗ ಆಫೀಸಿನವರಿಂದಲೋ ಪಕ್ಕದ ಮನೆಯವರಿಂದಲೋ ಒಂದು ಕರೆ ಬರುವುದುಂಟು: "ಶನಿವಾರ ಪಬ್ಬಿಗೆ ಬನ್ನಿ, ಎಂಬತ್ತೇಳರದ್ದು ಹಾಕ್ತಾ ಇದ್ದೀವಿ." ಎಂಬತ್ತೇಳು ಅಂದರೆ 1987ರ ಮೇ 16ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಎಫ್‌ಎ ಕಪ್ (ಇಂಗ್ಲೆಂಡಿನ ಫುಟ್‌ಬಾಲ್ ಟೂರ್ನಿ) ಫೈನಲ್. ಕೊವೆಂಟ್ರಿ ಸಿಟಿ 3, ಟಾಟನ್‌ಹ್ಯಾಮ್ ಹಾಟ್‌ಸ್ಪರ್ 2, ಹೆಚ್ಚುವರಿ ಸಮಯದಲ್ಲಿ ತೀರ್ಮಾನವಾದ ಆಟ. ಈ ಕ್ಲಬ್ಬು ಗೆದ್ದ ದೊಡ್ಡ ಟ್ರೋಫಿ ಅದೊಂದೇ. ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡದವರೂ ಈ ಕರೆಗೆ ಹೋಗಬೇಕು ಅನ್ನುವುದು ನಮ್ಮ ಸಲಹೆ. ಊರಿನವರ ಪರಿಚಯವಾಗಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಸ್ವಲ್ಪ ತಯಾರಿ ಮಾಡಿಕೊಂಡು ಹೋಗಿ.

ಫಲಿತಾಂಶ ಗೊತ್ತಿರುವ ಆಟವನ್ನು ಮತ್ತೆ ಯಾಕೆ ನೋಡ್ತೀರಿ ಅಂತ ಮಾತ್ರ ಕೇಳಬೇಡಿ. ಗದಾಯುದ್ಧ ಪ್ರಸಂಗಕ್ಕೆ ಕೂತವರಿಗೆಲ್ಲ ಕೌರವನ ತೊಡೆ ಮುರಿಯುತ್ತದೆ ಅಂತ ಗೊತ್ತೇ ಇರುತ್ತದೆ, ಆದರೂ ಬೆಳಗಿನ ತನಕ ಯಾರೂ ಎದ್ದು ಹೋಗುವುದಿಲ್ಲ. ಇಲ್ಲಿ ತೊಡೆಯ ಬದಲು ಒಂದು ಮೊಣಕಾಲು, ಅಷ್ಟೇ ವ್ಯತ್ಯಾಸ.

ಆಟದಲ್ಲಿ ಎಲ್ಲಿ ಏನಾಗುತ್ತದೆ

ಅಂದು ಕೊವೆಂಟ್ರಿ ಗೆಲ್ಲುತ್ತದೆ ಅಂತ ಹೊರಗಿನವರು ಎಣಿಸಿರಲಿಲ್ಲ. ಟಾಟನ್‌ಹ್ಯಾಮ್ ಅಲ್ಲಿಯ ತನಕ ಏಳು ಎಫ್‌ಎ ಕಪ್ ಫೈನಲ್ ಆಡಿ ಏಳನ್ನೂ ಗೆದ್ದಿತ್ತು. ಗ್ಲೆನ್ ಹಾಡಲ್, ಓಸ್ಸಿ ಆರ್ಡಿಲೆಸ್, ಕ್ರಿಸ್ ವಾಡಲ್ ಅಂಥವರ ತಂಡ ಅದು. ಎರಡನೇ ನಿಮಿಷದಲ್ಲೇ ವಾಡಲ್ ಬದಿಯಿಂದ ಗೋಲಿನ ಮುಂದಕ್ಕೆ ಕೊಟ್ಟ ಕ್ರಾಸಿಗೆ ಕ್ಲೈವ್ ಆಲನ್ ತಲೆ ಕೊಟ್ಟು ಗೋಲು ಹೊಡೆಯುತ್ತಾರೆ. ಆ ಋತುವಿನಲ್ಲಿ ಅದು ಆಲನ್ನರ 49ನೇ ಗೋಲು. ಈ ಗೋಲಿಗೆ ಕೋಣೆಯಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ನಗುತ್ತಾರೆ. ನೀವೊಬ್ಬರೇ "ಅಯ್ಯೋ" ಅಂದರೆ ಹೊಸಬರು ಅಂತ ಅಲ್ಲೇ ಗೊತ್ತಾಗುತ್ತದೆ, ಅದೇನೂ ತಪ್ಪಲ್ಲ.

9ನೇ ನಿಮಿಷದಲ್ಲಿ ಕೊವೆಂಟ್ರಿಯ ಡೇವ್ ಬೆನೆಟ್ ಟಾಟನ್‌ಹ್ಯಾಮ್ ಗೋಲ್‌ಕೀಪರ್ ರೇ ಕ್ಲೆಮೆನ್ಸ್ ಅವರನ್ನು ದಾಟಿ ಎಡಗಾಲಿನಲ್ಲಿ ಸಮ ಮಾಡುತ್ತಾರೆ. ವಿರಾಮಕ್ಕೆ ಸ್ವಲ್ಪ ಮುಂಚೆ ಹಾಡಲ್ ಫ್ರೀ ಕಿಕ್‌ನಿಂದ ಟಾಟನ್‌ಹ್ಯಾಮ್ 2–1. ಈ ಗೋಲನ್ನು ಟಾಟನ್‌ಹ್ಯಾಮಿನ ಗ್ಯಾರಿ ಮ್ಯಾಬಟ್ ಖಾತೆಗೆ ಹಾಕಬೇಕೋ, ಚೆಂಡು ತಾಗಿ ಹೋದ ಕೊವೆಂಟ್ರಿ ನಾಯಕ ಬ್ರಯಾನ್ ಕಿಲ್‌ಕ್ಲೈನ್ ಖಾತೆಗೋ ಅನ್ನುವ ತಗಾದೆ ಇಂದಿಗೂ ಮುಗಿದಿಲ್ಲ. ದಾಖಲೆಯಲ್ಲಿ ಮ್ಯಾಬಟ್ ಹೆಸರಿದೆ. ಟೇಬಲ್ಲಿನಲ್ಲಿ ಈ ಮಾತು ಬಂದರೆ ಯಾರ ಪಕ್ಷವನ್ನೂ ಹಿಡಿಯದೆ ಕೇಳಿಸಿಕೊಳ್ಳಿ.

ಎಲ್ಲರೂ ಕಾಯುವುದು 63ನೇ ನಿಮಿಷಕ್ಕೆ. ಸುಮಾರು 60ನೇ ನಿಮಿಷದಿಂದಲೇ ಮಾತು ತಗ್ಗುತ್ತದೆ, ಬಾರ್ ಕೌಂಟರಿನಲ್ಲಿ ನಿಂತವರು ಟಿವಿ ಕಡೆ ತಿರುಗುತ್ತಾರೆ. ಕೊವೆಂಟ್ರಿ ಗೋಲ್‌ಕೀಪರ್ ಸ್ಟೀವ್ ಒಗ್ರಿಜೊವಿಚ್ ಉದ್ದಕ್ಕೆ ಒದ್ದ ಚೆಂಡನ್ನು ಸಿರಿಲ್ ರೀಜಿಸ್ ತಲೆಯಿಂದ ಇಳಿಸುತ್ತಾರೆ. ಕೀತ್ ಹೌಚನ್ ಅದನ್ನು ಬಲಗಡೆ ಬೆನೆಟ್ ಕಡೆಗೆ ತಳ್ಳಿ ತಾವೇ ಗೋಲಿನತ್ತ ಓಡುತ್ತಾರೆ. ಬೆನೆಟ್ ಕ್ರಾಸ್ ಕೆಳಮಟ್ಟದಲ್ಲಿ ಬರುತ್ತದೆ, ಹೌಚನ್ ಮೈಯನ್ನು ನೆಲಕ್ಕೆ ಸಮವಾಗಿ ಚಾಚಿ ಹಾರಿ ಹಣೆ ಕೊಡುತ್ತಾರೆ. ಸ್ಕೋರು 2–2. ಬಿಬಿಸಿ ಅದನ್ನು ಆ ಋತುವಿನ ಅತ್ಯುತ್ತಮ ಗೋಲು ಅಂತ ಆರಿಸಿತು. ಈ ಹೌಚನ್ ಹಿಂದಿನ ವರ್ಷವಷ್ಟೇ ಸ್ಕಂತಾರ್ಪ್ ಅನ್ನುವ ಸಣ್ಣ ಕ್ಲಬ್ಬಿನಿಂದ 60,000 ಪೌಂಡಿಗೆ ಬಂದವರು. ಅದೇ ಕಪ್ಪಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1–0 ಗೆಲುವಿನ ಗೋಲೂ ಅವರದೇ. ಆ ಕ್ಷಣದಲ್ಲಿ ಯಾರಾದರೂ ನಿಮ್ಮನ್ನು ತಬ್ಬಿಕೊಂಡರೆ ಗಾಬರಿ ಬೀಳಬೇಡಿ. ಗ್ಲಾಸು ಮಾತ್ರ ಮೇಜಿನ ಅಂಚಿನಿಂದ ಒಳಗೆ ಸರಿಸಿಟ್ಟುಕೊಳ್ಳಿ.

ಕೊನೆಯ ಘಟ್ಟದಲ್ಲಿ ಕಿಲ್‌ಕ್ಲೈನ್ ಗಾಯಗೊಂಡು ಹೊರಗೆ, ಗ್ರಹಾಂ ರಾಜರ್ ಒಳಗೆ. ಹೆಚ್ಚುವರಿ ಸಮಯದ 96ನೇ ನಿಮಿಷ: ಕೊವೆಂಟ್ರಿಯ ಲಾಯ್ಡ್ ಮೆಗ್ರಾ ಬಲಗಡೆಯಿಂದ ಕೊಟ್ಟ ಕ್ರಾಸ್ ಮ್ಯಾಬಟ್ ಮೊಣಕಾಲಿಗೆ ತಾಗಿ, ಕಮಾನಿನಂತೆ ಮೇಲೆದ್ದು, ಕ್ಲೆಮೆನ್ಸ್ ತಲೆಯ ಮೇಲಿಂದ ಬಲೆಯೊಳಗೆ ಬೀಳುತ್ತದೆ. ಕೊವೆಂಟ್ರಿ ಅಭಿಮಾನಿಗಳ ಒಂದು ಪತ್ರಿಕೆ ಈ ಮೊಣಕಾಲಿನ ಹೆಸರನ್ನೇ ಇಟ್ಟುಕೊಂಡಿತ್ತು. "ಅದೃಷ್ಟದ ಗೋಲು ಅಲ್ವಾ?" ಅನ್ನುವ ಮಾತು ನಿಮ್ಮ ಬಾಯಿಂದ ಬರುವುದು ಬೇಡ. ಅವರೇ ಹೇಳಿದರೆ ನಕ್ಕು ಸುಮ್ಮನಿರಿ. ಮ್ಯಾಬಟ್ ಅವರನ್ನು ಗೇಲಿ ಮಾಡುವುದೂ ಸಲ್ಲ. ಮಧುಮೇಹವಿದ್ದೂ ಮೇಲ್ಮಟ್ಟದಲ್ಲಿ ಆಡಿದ ಆಟಗಾರ ಅಂತ ಎರಡೂ ಕಡೆಯವರಿಗೆ ಅವರ ಮೇಲೆ ಗೌರವವಿದೆ.

ಈಗಿನ ಫುಟ್‌ಬಾಲ್ ನೋಡಿದ ಕಣ್ಣಿಗೆ ಅನುಮಾನ ಬರುವ ಕಡೆ

ಪರದೆಯ ಮೂಲೆಯಲ್ಲಿ ಸ್ಕೋರು, ಸಮಯ ಸದಾ ಕಾಣುವುದಿಲ್ಲ. ಆಗ ಆ ಪದ್ಧತಿಯೇ ಇರಲಿಲ್ಲ. ಮಧ್ಯೆ ಒಳಗೆ ಬಂದವರಿಗೆ ಎಷ್ಟನೇ ನಿಮಿಷ ಅಂತ ತಿಳಿಯದು, ಪಕ್ಕದವರನ್ನು ಕೇಳಿದರೆ ಅವರು ಗಡಿಯಾರ ನೋಡದೆಯೇ ಹೇಳುತ್ತಾರೆ. ಅಂಗಿಯ ಮೇಲೆ ಆಟಗಾರರ ಹೆಸರಿಲ್ಲ, ಬೆನ್ನ ಮೇಲೆ ಸಂಖ್ಯೆ ಮಾತ್ರ. ಸಹ ಆಟಗಾರ ಹಿಂದಕ್ಕೆ ತಳ್ಳಿದ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಎತ್ತಿಕೊಂಡರೆ "ಫೌಲ್" ಅಂತ ಕೂಗಬೇಡಿ, ಅದನ್ನು ತಡೆಯುವ ನಿಯಮ ಬಂದದ್ದು 1992ರಲ್ಲಿ. ಟಾಟನ್‌ಹ್ಯಾಮಿನ ಕೆಲವರ ಅಂಗಿಯ ಮೇಲೆ ಪ್ರಾಯೋಜಕರ ಹೆಸರಿದೆ, ಕೆಲವರದ್ದರಲ್ಲಿ ಇಲ್ಲ. ಟೇಪು ಹಾಳಾಗಿಲ್ಲ, ಅಂದು ಅವರು ಹಾಗೇ ಆಡಿದ್ದು. ಇದನ್ನು ನೀವಾಗಿಯೇ ಗುರುತಿಸಿ ಹೇಳಿದರೆ ಮೇಜಿನಲ್ಲಿ ನಿಮ್ಮ ಬೆಲೆ ಒಂದು ಮೆಟ್ಟಿಲು ಏರುತ್ತದೆ.

ಬಟ್ಟೆ, ಬಾರು, ಊಟ

ಕ್ಲಬ್ಬಿನ ಬಣ್ಣ ತಿಳಿ ಆಕಾಶನೀಲಿ. ಫೈನಲ್ಲಿನಲ್ಲಿ ತೊಟ್ಟದ್ದು ಆಕಾಶನೀಲಿ ಮತ್ತು ಬಿಳಿ ಪಟ್ಟೆಯ ಅಂಗಿ. ಜೆರ್ಸಿ ಕೊಳ್ಳುವ ಖರ್ಚು ಬೇಡ, ಒಂದು ಸ್ಕಾರ್ಫ್ ಸಾಕು. ಹೊಸಬರು ಎಡವುವುದು ಬೇರೆ ಕಡೆ: ಬಣ್ಣ ಹೊಂದುತ್ತದೆ ಅಂತ ಮನೆಯಲ್ಲಿರುವ ಮ್ಯಾಂಚೆಸ್ಟರ್ ಸಿಟಿ ಜೆರ್ಸಿ ಹಾಕಿಕೊಂಡು ಬರುವುದು. ಅದರ ಬದಲು ಬರೀ ಬಿಳಿ ಟೀಶರ್ಟ್ ವಾಸಿ ಅಂದುಕೊಂಡೀರಿ, ಅದು ಟಾಟನ್‌ಹ್ಯಾಮ್ ಬಣ್ಣ. ಲೆಸ್ಟರ್ ಸಿಟಿಯ ಗಾಢ ನೀಲಿ, ಆಸ್ಟನ್ ವಿಲ್ಲಾದ ಕೆಂಗಂದು ಎರಡೂ ಬೇಡ, ಎರಡೂ ನೆರೆಯ ಎದುರಾಳಿಗಳು.

ಪಬ್ಬಿನಲ್ಲಿ ಸಾಮಾನ್ಯವಾಗಿ ಮೇಜಿಗೆ ಬಂದು ಯಾರೂ ಆರ್ಡರ್ ಕೇಳುವುದಿಲ್ಲ, ಕೌಂಟರಿಗೆ ಹೋಗಿ ಹೇಳಿ ಅಲ್ಲೇ ದುಡ್ಡು ಕೊಡಬೇಕು. ಸಾಲು ಕಾಣದಿದ್ದರೂ ಸರದಿ ಇದೆ. ನಿಮಗಿಂತ ಮೊದಲು ನಿಂತವರನ್ನು ಬಿಟ್ಟು ನಿಮ್ಮನ್ನೇ ಕೇಳಿದರೆ "ಅವರು ಮೊದಲು" ಅಂತ ತೋರಿಸಿ. ನೋಟು ಬೀಸುವುದು, ಚಿಟಿಕೆ ಹೊಡೆಯುವುದು ಒರಟುತನ.

ರೌಂಡಿನ ಲೆಕ್ಕ ಸರಿಯಾಗಿ ತಿಳಿದಿರಲಿ. ನಾಲ್ವರ ಗುಂಪಿನಲ್ಲಿ ಒಬ್ಬರು ನಾಲ್ವರಿಗೂ ತಂದರೆ ಮುಂದಿನ ಸಲ ಇನ್ನೊಬ್ಬರು. ನೀವು ಮೊದಲ ಮೂರು ಸಲ ಕುಡಿದು ನಾಲ್ಕನೇ ಸಲ ಮನೆಗೆ ಹೊರಟರೆ ಅದನ್ನು ಯಾರೂ ಮುಖದ ಮೇಲೆ ಹೇಳುವುದಿಲ್ಲ, ಆದರೆ ಮರೆಯುವುದೂ ಇಲ್ಲ. ಬೇಗ ಹೊರಡುವವರು ಮೊದಲ ರೌಂಡೇ ತಮ್ಮದು ಅಂದುಬಿಡಿ. ಮದ್ಯ ಮುಟ್ಟದವರು ಲೈಮ್ ಅಂಡ್ ಸೋಡಾ ಕೇಳಬಹುದು, ಯಾರೂ ಕಾರಣ ಕೇಳುವುದಿಲ್ಲ. ರೌಂಡಿಗೆ ಸೇರುವುದು ಬೇಡವಾದರೆ ಶುರುವಿನಲ್ಲೇ "ನನ್ನದು ನಾನು ತಗೋತೀನಿ" ಅನ್ನಿ, ಮಧ್ಯದಲ್ಲಿ ಹೇಳಿದರೆ ಲೆಕ್ಕ ಕೆಡುತ್ತದೆ. ಪೈಂಟ್ ಅಂದರೆ 568 ಮಿಲಿಲೀಟರ್, ನಮ್ಮ ಊರಿನ ಸಣ್ಣ ಬಾಟಲಿಗಿಂತ ಬಹಳ ಹೆಚ್ಚು. ಕುಡಿಯುವವರು ಕಾರನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಚಿಕ್ಕ ವಯಸ್ಸಿನವರಂತೆ ಕಾಣುವವರಿಂದ ವಯಸ್ಸಿನ ಪುರಾವೆ ಕೇಳುತ್ತಾರೆ. 18 ತುಂಬಿದ್ದರೂ 25ಕ್ಕಿಂತ ಕಡಿಮೆ ಕಂಡರೆ ಕೇಳುವ ರೂಢಿ ಹೆಚ್ಚಿನ ಕಡೆ ಇದೆ. ಪಾಸ್‌ಪೋರ್ಟ್ ಅಥವಾ ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಇರಲಿ. ಕಾಲೇಜಿನ ಗುರುತಿನ ಚೀಟಿಯನ್ನು ನಂಬಿ ಹೋಗಬೇಡಿ. ಮಕ್ಕಳನ್ನು ಕರೆದೊಯ್ಯುವುದಾದರೆ ಯಾವ ಸಮಯದ ತನಕ ಬಿಡುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿ, ಒಂದೊಂದು ಪಬ್ಬಿನದು ಒಂದೊಂದು ನಿಯಮ.

ಸಸ್ಯಾಹಾರಿಗಳಿಗೆ ಎರಡೇ ಮಾತು. ಪೋರ್ಕ್ ಸ್ಕ್ರ್ಯಾಚಿಂಗ್ಸ್ ಅನ್ನುವುದು ಕರಿದ ಹಂದಿ ಚರ್ಮ, ಪೊಟ್ಟಣ ನೋಡಲು ಆಲೂಗಡ್ಡೆ ಚಿಪ್ಸಿನ ಹಾಗೇ ಇರುತ್ತದೆ, ಮೇಜಿನ ಮೇಲೆ ಹರಡಿಟ್ಟರೆ ಹೆಸರು ಓದಿಯೇ ಕೈ ಹಾಕಿ. ಬಿಸಿ ಆಲೂಗಡ್ಡೆ ಚಿಪ್ಸ್ ಕೇಳುವಾಗ ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತೀರಾ, ದನದ ಕೊಬ್ಬು ಬಳಸುತ್ತೀರಾ ಅಂತ ನೇರವಾಗಿ ವಿಚಾರಿಸಿ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.

ನೀವೇ ಮನೆಯಲ್ಲಿ ಹಾಕುವುದಾದರೆ

ಎರಡನೇ ವರ್ಷಕ್ಕೆ ನೀವೇ ಕರೆಯುವ ಹುಮ್ಮಸ್ಸು ಬರಬಹುದು. 2027ರ ಮೇ 16ಕ್ಕೆ ಗೆಲುವಿಗೆ 40 ವರ್ಷ, ಅಂದು ಭಾನುವಾರ. ಎಂಟು-ಹತ್ತು ಜನರಿಗಿಂತ ಹೆಚ್ಚು ಬೇಡ.

ಮೊದಲು ಪರೀಕ್ಷಿಸಬೇಕಾದ್ದು ರೆಕಾರ್ಡಿಂಗ್ ಪೂರ್ತಿ ಇದೆಯೇ ಅಂತ. ಮುಖ್ಯ ಭಾಗಗಳನ್ನಷ್ಟೇ ಕತ್ತರಿಸಿ ಜೋಡಿಸಿದವು ಬಹಳ ಓಡಾಡುತ್ತವೆ. ಆಟದ ಭಾಗವೇ 120 ನಿಮಿಷ ಇರಬೇಕು, ಅದರ ಮೇಲೆ ಕಪ್ ಎತ್ತುವ ದೃಶ್ಯ. 63ನೇ ನಿಮಿಷದ ದಾಳಿಯನ್ನು ಒಗ್ರಿಜೊವಿಚ್ ಒದೆತದಿಂದ ತೋರಿಸಿದರೆ ಒಳ್ಳೆಯದು, ಬರೀ ಹೆಡರ್ ತೋರಿಸಿದ್ದರೆ ಆ ಪ್ರತಿ ಬೇಡ. ಅಂದು ಬಿಬಿಸಿ, ಐಟಿವಿ ಎರಡೂ ನೇರಪ್ರಸಾರ ಮಾಡಿದ್ದವು: ಬಿಬಿಸಿಯಲ್ಲಿ ಜಾನ್ ಮಾಟ್ಸನ್, ಐಟಿವಿಯಲ್ಲಿ ಬ್ರಯಾನ್ ಮೂರ್ ವೀಕ್ಷಕ ವಿವರಣೆ. ಯಾವ ದನಿ ಬೇಕು ಅಂತ ಬರುವವರನ್ನೇ ಕೇಳಿ. ಬಾಲ್ಯದಲ್ಲಿ ಕೇಳಿದ ದನಿ ಇಲ್ಲದಿದ್ದರೆ ಅವರಿಗೆ ಆಟವೇ ಸಪ್ಪೆ.

ಚಿತ್ರದ ಅಳತೆ 4:3. ಈಗಿನ ಅಗಲ ಟಿವಿ ಅದನ್ನು ತಾನೇ ಎಳೆದು ತುಂಬಿಸಿದರೆ ಚೆಂಡು ಮೊಟ್ಟೆಯಾಗುತ್ತದೆ, ಆಟಗಾರರು ಕುಳ್ಳಗೆ ದಪ್ಪಗೆ ಕಾಣುತ್ತಾರೆ. ಟಿವಿ ಸೆಟ್ಟಿಂಗಿನಲ್ಲಿ 4:3 ಆರಿಸಿ, ಎರಡೂ ಬದಿಗೆ ಕಪ್ಪು ಪಟ್ಟಿ ಬರಲಿ ಬಿಡಿ. ಜೂಮ್ ಆರಿಸಿದರೆ ಮೇಲೆ ಕೆಳಗೆ ಕತ್ತರಿಸಿ, ಎತ್ತರದ ಚೆಂಡು ಪರದೆಯಾಚೆ ಹೋಗುತ್ತದೆ, 96ನೇ ನಿಮಿಷದಲ್ಲಿ ಅದು ಆಗಬಾರದು. ಚಲನೆಯನ್ನು ನುಣುಪು ಮಾಡುವ ಸೌಲಭ್ಯವನ್ನು ಆಫ್ ಮಾಡಿಬಿಡಿ, ಹಳೆಯ ಟೇಪಿನಲ್ಲಿ ಅದು ಕಾಲುಗಳ ಸುತ್ತ ಮಂಜು ಕಟ್ಟಿಸುತ್ತದೆ. ಡಿವಿಡಿ ಆದರೆ ಇಲ್ಲಿನದು ರೀಜನ್ 2. ಭಾರತದಿಂದ ತಂದ ರೀಜನ್ 5 ಪ್ಲೇಯರಿನಲ್ಲಿ ಓಡದೆ ಇರಬಹುದು, ಹಿಂದಿನ ರಾತ್ರಿಯೇ ಹಾಕಿ ನೋಡಿ. ಲ್ಯಾಪ್‌ಟಾಪಿನಿಂದ ಹಾಕುವವರು ಸ್ಲೀಪ್ ಆಫ್ ಮಾಡಿ, ಚಾರ್ಜರ್ ಸಿಕ್ಕಿಸಿ, ಮೆಸೇಜು ಬರದಂತೆ ಮಾಡಿ. ಡಿವಿಡಿ ಅಥವಾ ಸ್ವಂತ ಫೈಲ್ ನೋಡಲು ಟಿವಿ ಲೈಸೆನ್ಸ್ (ಇಲ್ಲಿ ಟಿವಿ ನೋಡಲು ದುಡ್ಡು ಕಟ್ಟಿ ಪಡೆಯುವ ಪರವಾನಗಿ) ಬೇಡ, ನೇರಪ್ರಸಾರಕ್ಕೂ ಬಿಬಿಸಿಯ ಆನ್‌ಲೈನ್ ಸೇವೆ ಐಪ್ಲೇಯರಿಗೂ ಬೇಕು.

ಸಮಯ ಅಂದಿನಂತೆಯೇ ಮಧ್ಯಾಹ್ನ 3ಕ್ಕೆ ಶುರು ಮಾಡಿ. ವಿರಾಮ, ಹೆಚ್ಚುವರಿ ಸಮಯ, ಕಪ್ ಪ್ರದಾನ ಸೇರಿ 6 ಗಂಟೆ ತನಕ ಕೋಣೆ ಖಾಲಿ ಇರಲಿ. ತಿಂಡಿಯನ್ನು ವಿರಾಮಕ್ಕೆ ಇಡಿ. ಬಜ್ಜಿಯನ್ನು 60ನೇ ನಿಮಿಷಕ್ಕೆ ತಂದರೆ ತಟ್ಟೆ ಹಿಡಿದು ಟಿವಿಗೆ ಅಡ್ಡ ನಿಂತ ತಪ್ಪು ನಿಮ್ಮದಾಗುತ್ತದೆ. ಗೋಡೆ ಹಂಚಿಕೊಂಡ ಮನೆಯಾದರೆ ಪಕ್ಕದವರಿಗೆ ಮುಂಚೆ ಹೇಳಿ. ಬಹಳ ಸಲ ಅವರೂ ಬರುತ್ತಾರೆ.

ಮಾತು

ಇಡೀ ಸಂಜೆಗೆ ನಿಮ್ಮ ಹತ್ತಿರ ಒಂದೇ ಪ್ರಶ್ನೆ ಇದ್ದರೂ ಸಾಕು: "ಅವತ್ತು ನೀವು ಎಲ್ಲಿದ್ರಿ?" ಆಟ ಟಿವಿಯಲ್ಲಿ ಓಡುತ್ತಿರುತ್ತದೆ, ಜನ ಬಂದಿರುವುದು ಈ ಪ್ರಶ್ನೆಗೆ ಉತ್ತರ ಹೇಳಲು. ತಂದೆ ಜೊತೆ ವೆಂಬ್ಲಿಗೆ ಹೋದವರು, ಟಿಕೆಟ್ ಸಿಗದವರು, ಪಾಳಿ ಕೆಲಸದಲ್ಲಿ ರೇಡಿಯೋ ಕೇಳಿದವರು, ಇನ್ನೂ ಹುಟ್ಟದೆ ಇದ್ದವರು, ಎಲ್ಲರ ಹತ್ತಿರವೂ ಒಂದು ಉತ್ತರ ಇರುತ್ತದೆ. ಅದು ಶುರುವಾದರೆ ನಡುವೆ ಐಪಿಎಲ್ ತರಬೇಡಿ.

ತೀರಿಕೊಂಡವರ ಹೆಸರು ಬಂದಾಗ ಕೋಣೆ ಮೆತ್ತಗಾಗುತ್ತದೆ. ರೀಜಿಸ್ 2018ರಲ್ಲಿ, ತಂಡವನ್ನು ಕೂಡಿ ನಡೆಸಿದ ಜಾರ್ಜ್ ಕರ್ಟಿಸ್, ಜಾನ್ ಸಿಲೆಟ್ ಇಬ್ಬರೂ 2021ರಲ್ಲಿ ತೀರಿಕೊಂಡರು. ಗಾಯದಿಂದ ಫೈನಲ್ ಆಡಲಾಗದ ಕೊವೆಂಟ್ರಿ ಆಟಗಾರ ಬ್ರಯಾನ್ ಬರೋಸ್ ಹೆಸರನ್ನು ನೀವಾಗಿಯೇ ಎತ್ತಿದರೆ ಹಿರಿಯರಿಗೆ ಬಹಳ ಖುಷಿ. ಇನ್ನೊಂದು ಹಳೆಯ ನೋವು: ಕಪ್ ಗೆದ್ದವರಿಗೆ ಯುರೋಪಿನ ಟೂರ್ನಿಯಲ್ಲಿ ಆಡುವ ಹಕ್ಕಿತ್ತು, ಆದರೆ 1985ರಲ್ಲಿ ಬ್ರಸೆಲ್ಸಿನ ಹೈಸೆಲ್ ಕ್ರೀಡಾಂಗಣದಲ್ಲಿ ಪ್ರೇಕ್ಷಕರು ಸತ್ತ ದುರಂತದ ನಂತರ ಇಂಗ್ಲಿಷ್ ಕ್ಲಬ್ಬುಗಳಿಗೆ ನಿಷೇಧ ಇದ್ದುದರಿಂದ ಕೊವೆಂಟ್ರಿಗೆ ಅದು ದಕ್ಕಲಿಲ್ಲ.

ಕೊನೆಗೆ ಕ್ಲಬ್ಬಿನ ಹಾಡು ಬರುತ್ತದೆ. 1960ರ ದಶಕದಲ್ಲಿ ಮ್ಯಾನೇಜರ್ ಆಗಿದ್ದ ಜಿಮ್ಮಿ ಹಿಲ್ ಕಾಲದ್ದು. ಸಾಹಿತ್ಯ ಬಾರದಿದ್ದರೂ ಎದ್ದು ನಿಲ್ಲಿ, ಮುಗಿಯುವಾಗ "ಸಿಟಿ" ಅಂತ ಮೂರು ಸಲ ಕೂಗುವುದಕ್ಕೆ ಸೇರಿಕೊಳ್ಳಿ.

ಅಲ್ಲಿಗೆ ಯಾರಾದರೂ ಮುಂದಿನ ಋತುವಿನ ಪಂದ್ಯಕ್ಕೆ ಕರೆದೇ ಕರೆಯುತ್ತಾರೆ. ಕ್ಲಬ್ಬು 2005ರಲ್ಲಿ ಹಳೆಯ ಹೈಫೀಲ್ಡ್ ರೋಡ್ ಮೈದಾನ ಬಿಟ್ಟಿತು, ಈಗಿನದು ಊರಿನ ಉತ್ತರ ಅಂಚಿನಲ್ಲಿದೆ. ಪಕ್ಕದಲ್ಲೇ ಕೊವೆಂಟ್ರಿ ಅರೀನಾ ಸ್ಟೇಷನ್ ಇದ್ದರೂ ನನೀಟನ್ ಮಾರ್ಗದ ರೈಲುಗಳು ಸಣ್ಣವು. ಪಂದ್ಯ ಮುಗಿದ ಮೇಲೆ ಹತ್ತುವುದು ಕಷ್ಟ, ವಾಪಸು ಬರಲು ಬಸ್ಸು ನೋಡಿಕೊಂಡು ಹೋಗಿ.