ಬ್ಯಾಂಕ್ ಕೆಲಸ ಸಿಗುವ ಮುನ್ನ ಹಳೇ ಸಾಲ ಸರಿಮಾಡಿಕೊಳ್ಳಿ

ತುಮಕೂರಿನಲ್ಲಿ ರೂಮು ಮಾಡಿಕೊಂಡು ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಗೆ ಓದುತ್ತಿರುವವರು ತಮ್ಮ ಸಾಲ, ಕಂತುಗಳ ಇತಿಹಾಸ ತೋರಿಸುವ ಸಿಬಿಲ್ ವರದಿಯನ್ನು ಈಗಲೇ ನೋಡಿಕೊಳ್ಳಬೇಕು. ಅದರಲ್ಲಿ ಸಾಲ ಬಾಕಿ ಬಿದ್ದಿದ್ದರೆ, ಪಾಸಾದ ಮೇಲೂ ನೇಮಕಾತಿ ರದ್ದಾಗಬಹುದು. ಅಷ್ಟು ಓದಿ ಕಡೇ ಗಳಿಗೆಯಲ್ಲಿ ಕೆಲಸ ತಪ್ಪಬಾರದು.

ಸಿಬಿಲ್ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು, ವರ್ಷಕ್ಕೊಮ್ಮೆ ಸಿಗುವ ಉಚಿತ ವರದಿ ಇಳಿಸಿಕೊಳ್ಳಿ. 300ರಿಂದ 900ರೊಳಗಿನ ಅಂಕ ನೋಡಿ ಸುಮ್ಮನಾಗಬೇಡಿ. ಪ್ರತಿ ಸಾಲದ ಕೆಳಗಿರುವ ತಿಂಗಳುವಾರು ಚೌಕಗಳನ್ನು ಓದಿ: ‘000’ ಇದ್ದರೆ ಕಂತು ಬಾಕಿಯಿಲ್ಲ, ‘060’ ಇದ್ದರೆ 60 ದಿನ ತಡವಾಗಿದೆ. ಚಿಂತಾಮಣಿಯಲ್ಲಿರುವ ಅಣ್ಣನ ಟ್ರ್ಯಾಕ್ಟರ್ ಸಾಲಕ್ಕೆ ನೀವು ಜಾಮೀನು ನಿಂತಿದ್ದರೆ ಅದೂ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಹೆಚ್ಚಿನವರು ಎಡವುವುದು ಸೆಟಲ್‌ಮೆಂಟ್‌ನಲ್ಲಿ. 40 ಸಾವಿರ ಬಾಕಿಗೆ 25 ಸಾವಿರ ಕಟ್ಟಿ ಕೈತೊಳೆದುಕೊಂಡರೆ ವರದಿಯಲ್ಲಿ ‘ಸೆಟಲ್ಡ್’ ಎಂದು ಬೀಳುತ್ತದೆ, ‘ಕ್ಲೋಸ್ಡ್’ (ಪೂರ್ತಿ ತೀರಿದೆ) ಆಗುವುದಿಲ್ಲ. ಹೇಗಾದರೂ ಉಳಿದ 15 ಸಾವಿರವನ್ನೂ ಕಟ್ಟಿ, ಸಾಲದ ಖಾತೆ ಸಂಖ್ಯೆ, ತೀರಿದ ದಿನಾಂಕ, ‘ಯಾವ ಬಾಕಿಯೂ ಇಲ್ಲ’ ಎಂಬ ಸಾಲು, ಮೊಹರು, ಸಹಿ ಇರುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಸಾಲ ಕೊಟ್ಟವರಿಂದ ಬರೆಸಿಕೊಳ್ಳಿ. ಕೆಲಸಕ್ಕೆ ಸೇರುವ ಹೊತ್ತಿಗೆ ವರದಿ ತಿದ್ದುಪಡಿಯಾಗದಿದ್ದರೆ ಬ್ಯಾಂಕಿಗೆ ತೋರಿಸಬೇಕಾದದ್ದು ಇದನ್ನೇ. ಬಾಯಿಮಾತಿಗೆ ಬೆಲೆಯಿಲ್ಲ.

ನಿಮ್ಮದಲ್ಲದ ಸಾಲ ಕಂಡರೆ ಜಾಲತಾಣದಲ್ಲೇ ‘ಡಿಸ್ಪ್ಯೂಟ್’ (ತಕರಾರು) ಹಾಕಿ, ಸಾಲ ಕೊಟ್ಟವರಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ. ಆಮೇಲೆ ಗ್ರಾಹಕರ ದೂರು ಇತ್ಯರ್ಥ ಮಾಡುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಶುಲ್ಕವಿಲ್ಲ.